ಮರಿ ಬಿಟ್ಟು ಲೆಕ್ಕ

ಮುದ್ದೇಬಿಹಾಳದ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕ ಒಬ್ಬ ಅಜ್ಜ ಬಂದು ಕೂತ. ಹೆಗಲ ಮೇಲೆ ತೊಯ್ದ ಕಂಬಳಿ. ಅದರ ವಾಸನೆ ಗೊತ್ತಿಲ್ಲದವರಿಗೆ ಹೇಳಿ ಉಪಯೋಗವಿಲ್ಲ. ಗೊತ್ತಿದ್ದವರು ಈಗಾಗಲೇ ಮೂಗು ಮುಚ್ಚಿಕೊಂಡಿರುತ್ತೀರಿ. ವಿಜ್ಞಾನದ ಟೀಚರಮ್ಮನಾದ ನಾನು ಮಾತ್ರ ಇಸ್ತ್ರಿ ಸೀರೆಯ ಬಿಗುಮಾನವನ್ನೆಲ್ಲ ಬಿಟ್ಟು ಎದೆ ತುಂಬ ಎಳೆದುಕೊಂಡೆ. ನನಗೆ ಅದು ಸೋಡಿಯಂ ಪರಮಾಣುವಿನ ವಾಸನೆ.

ನಗಬೇಡಿ, ಹೇಳುತ್ತೇನೆ. ನಮ್ಮದು ಹೊರ್ತಿ ಕಡೆಯ ಕುರಿ ಕಾಯುವ ಮನೆ. ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನದ ಎರಡು ಪರೀಕ್ಷೆಗಳಲ್ಲಿ ಒಂದರ ಹಿಂದೊಂದು ಬಿದ್ದೆ. ಅಪ್ಪ ಬೈಯಲಿಲ್ಲ. "ವರ್ಷದ ಪರೀಕ್ಷಾದಾಗೂ ಹಿಂಗಾತಂದ್ರ ಸಾಲಿ ಸಾಕು ಯವ್ವಾ, ಹಿಂಡಿನ ಹಿಂದ ನಡಿ" ಎಂದ, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ನನಗೆ ಶಾಲೆ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ನನ್ನ ತಪ್ಪು ಒಂದೇ. ದ್ರವ್ಯರಾಶಿ ಸಂಖ್ಯೆ ಎಂದರೆ ಪರಮಾಣುವಿನ ನಡುವೆ, ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನು, ನ್ಯೂಟ್ರಾನುಗಳನ್ನು ಎಣಿಸಿ ಕೂಡಿಸುವುದು. ಸೋಡಿಯಮ್ಮಿಗೆ ಹನ್ನೊಂದು, ಹನ್ನೆರಡು, ಒಟ್ಟು ಇಪ್ಪತ್ಮೂರು. ನಾನು ಹೊರಗೆ ಸುತ್ತುವ ಹನ್ನೊಂದು ಎಲೆಕ್ಟ್ರಾನುಗಳನ್ನೂ ಸೇರಿಸಿ ಮೂವತ್ನಾಲ್ಕು ಬರೆಯುತ್ತಿದ್ದೆ. ಪಾಪ, ಅವೂ ಇವೆಯಲ್ಲ, ಬಿಡುವುದು ಹೇಗೆ? ಮನೆಯಲ್ಲಿ ಕುರಿಮರಿಗಳಿಗೆ ಹಾಲೂಡಿಸುವ ಕೆಲಸ ನನ್ನದು; ಸಣ್ಣವೆಂದರೆ ನನಗೆ ಜೀವ.

ಒಂದು ಸಂಜೆ ಅಪ್ಪ ಮಳೆಯಲ್ಲಿ ಹಿಂಡು ಹೊಡೆದುಕೊಂಡು ಬಂದು, ತೊಯ್ದ ಕಂಬಳಿ ಹರವಿ, ಅಳುತ್ತ ಕೂತಿದ್ದ ನನ್ನ ಪಕ್ಕ ಕುಕ್ಕರಿಸಿದ. ಅವನಿಗೆ ಓದು ಬರದು. ಏನೆಂದು ಕೇಳಿದ, ಹೇಳಿದೆ.

"ನಮ್ಮ ಕುರಿ ಎಷ್ಟಂತ ಯಾರರ ಕೇಳಿದ್ರ, ಹಾಲು ಕುಡಿಯೋ ಮರಿ ಹಿಡಿದು ಹೇಳ್ತೇವೇನು?"

"ಇಲ್ಲ."

"ಹಂಗಾದ್ರ ಮರಿ ಇಲ್ಲೇನು?"

"ಅದಾವ. ಹಿಂಡಿನ ಲೆಕ್ಕಕ್ಕ ಬರೂದಿಲ್ಲ."

"ಮತ್ತ? ಕರೀವು ಹನ್ನೊಂದು ಅನ್ನು, ಬಿಳೀವು ಹನ್ನೆರಡು. ಮರಿ ಸುತ್ತಲ ಜಿಗಿದಾಡ್ತಾವ, ಜಿಗಿದಾಡ್ಲಿ ಬಿಡು. ಹಿಂಡು ಎಷ್ಟು?"

"ಇಪ್ಪತ್ಮೂರು" ಎಂದೆ. ಅಳು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಪಾಸಾದೆ. ಮುಂದೆ ಓದಿದೆ, ಟೀಚರಾದೆ. ಆದರೆ ನನ್ನ ಜಂಬ ನೋಡಿ: ಇಷ್ಟು ವರ್ಷ ಇದೇ ಪಾಠ ಮಾಡಿದರೂ ಕುರಿಯ ಸುದ್ದಿ ಎತ್ತಲಿಲ್ಲ. ಗೋಲಿ ತಂದೆ, ಬಣ್ಣದ ಚಾರ್ಟ್ ತೂಗುಹಾಕಿದೆ. ನಾನೇ ಓದಿ ಅರ್ಥ ಮಾಡಿಕೊಂಡೆ ಎಂದೂ ಹೇಳಿಕೊಂಡೆ. ಕುರಿ ಕಾಯುವವನ ಮಗಳು ಎಂದಾರು ಎಂಬ ಅಳುಕು. ಈಗ ಆ ಅಳುಕಿಗೇ ನಾಚಿಕೆಯಾಗುತ್ತದೆ.

ಮೊನ್ನೆ ಬಸ್ಸಿಳಿದವಳು ನೇರ ತರಗತಿಗೆ ಹೋಗಿ ಬೋರ್ಡಿನ ಮೇಲೆ ಕುರಿ ಬಿಡಿಸಿದೆ. ಇದು ಯಾರ ಪಾಠ ಎಂಬುದನ್ನೂ ಹೇಳಿದೆ. ಊಟದ ಬಿಡುವಿನಲ್ಲಿ ಅಪ್ಪನಿಗೆ ಫೋನ್ ಮಾಡಿದೆ.

"ಇವತ್ತ ಸಾಲ್ಯಾಗ ನಿನ್ನ ಲೆಕ್ಕ ಹೇಳಿಕೊಟ್ಟೆ ಅಪ್ಪಾ."

"ಹುಡುಗ್ರು ತಪ್ಪಿದ್ರೇನು?"

"ಒಬ್ರೂ ಇಲ್ಲ."

ಅಪ್ಪ, "ನಾಳಿಂದು ಯಾವ ಪಾಠ ಐತಿ, ಈಗ ಹೇಳಿಬಿಡು" ಎಂದ. "ಕುರಿ ಮೇಯಿಸ್ಕೋತ ವಿಚಾರ ಮಾಡಿ ಇಡ್ತೇನಿ."