ಬಸುರಿ ಬಂಡಿಗೆ ಏಳಿಂಚಿನ ಮೆಟ್ಟಿಲು

ಬೆಳಗಿನ ನಮಾಜು ಮುಗಿಸಿ ಬಂದ ಖಾಜಾ ಪೀರ್ ಮೂರು ತಿಂಗಳ ಹಿಂದೆ ತಾವೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಶಿವಮೊಗ್ಗದಿಂದ ಆಲ್ಕೊಳದ ಕಡೆ ಹೋಗುವ ರಸ್ತೆಯ ಪಕ್ಕದಲ್ಲೊಂದು ತಗಡಿನ ಶೆಡ್ಡು. ಅದರೊಳಗೆ ಎಂಜಿನ್ನಿಲ್ಲದ, ಎರಡೇ ಚಕ್ರದ ಉದ್ದನೆಯ ಟ್ರೈಲರು. ಟ್ರೈಲರಿನೊಳಗೆ ಲಾಟೀನು, ಲಾಟೀನಿನ ಪಕ್ಕ ಮಂಡಿಯೂರಿ ಕೂತ ಈ ನಲವತ್ತಾರರ ಬಡಗಿ. ಮೊಳೆಗಳು ಸುಲಭಕ್ಕೆ ಬರುವ ಪೈಕಿಯಲ್ಲ.

"ಬಿಗಿಯಾಗಿ ಹೊಡೆದೋನೂ ನಾನೇ, ಈಗ ಬೈಸ್ಕೊಳ್ಳೋನೂ ನಾನೇ," ಎನ್ನುತ್ತಾರೆ, ಮೇಲೆ ನೋಡದೆ.

ಖಾಜಾ ಪೀರರ ಕೈಯಿಂದ ಇದುವರೆಗೆ ನಲವತ್ತೊಂದು ಬಸ್ಸುಗಳಿಗೆ ಮೈ ಬಂದಿದೆ. ಕಂಪನಿಯಿಂದ ಬರುವುದು ಎಂಜಿನ್ನು, ಚಕ್ರ ಮತ್ತು ಬರಿಯ ಕಬ್ಬಿಣದ ಅಸ್ಥಿಪಂಜರ. ಅದಕ್ಕೆ ಗೋಡೆ, ಸೂರು, ಸೀಟು, ಮೆಟ್ಟಿಲು ಕೂಡಿಸಿ ಬಸ್ಸು ಎನ್ನಿಸುವುದು ಇಂಥವರ ಕೆಲಸ. ಬಸ್ಸಿನ ಮೇಲೆ ಮಾಲೀಕರ ಹೆಸರು ದೊಡ್ಡದಾಗಿ ಬರೆಯುತ್ತಾರೆ, ಅದನ್ನು ಬರೆದ ಪೇಂಟರು ತನ್ನ ಹೆಸರನ್ನೂ ಮೂಲೆಯಲ್ಲಿ ಸಣ್ಣಗೆ ಸೇರಿಸುತ್ತಾನೆ. ಬಡಗಿಯ ಹೆಸರು ಎಲ್ಲಿಯೂ ಇರುವುದಿಲ್ಲ. ಹದಿನಾರು ವರ್ಷದಲ್ಲಿ ಕಟ್ಟಿದ ನಲವತ್ತೊಂದರಲ್ಲಿ ಒಂದೂ ವಾಪಸು ಬಂದಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು. ಈಗ ವಾಪಸು ಬಂದಿರುವುದು ಈ ಟ್ರೈಲರು, ಅದೂ ಒಂದು ಮೆಟ್ಟಿಲಿನ ಸಲುವಾಗಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಗಾಡಿಯಿದು. ಹತ್ತಾರು ಕೈ ದಾಟಿ, ಕೊನೆಗೆ ಊರಿನ ಹಿರಿಯರು ಕಟ್ಟಿಕೊಂಡ ಒಂದು ಸಮಿತಿಯ ಪಾಲಿಗೆ ಬಂತು. ಸಮಿತಿಯ ಅಧ್ಯಕ್ಷರು ಅಡಿಕೆ ಮಂಡಿಯ ಮೂರ್ತಪ್ಪನವರು. ಆಸ್ಪತ್ರೆಗೆ ಬರಲಾಗದ ಬಸುರಿಯರ ಹತ್ತಿರ ಆಸ್ಪತ್ರೆಯೇ ಹೋಗಲಿ ಎಂಬುದು ಅವರ ಯೋಚನೆ. ಜೀಪಿನ ಹಿಂದೆ ಈ ಟ್ರೈಲರು ಕಟ್ಟಿ ಸೋಮವಾರ ಗಾಜನೂರಿನ ಕಡೆಗೆ, ಗುರುವಾರ ಭದ್ರಾವತಿಯ ಆಚೆಯ ಹಳ್ಳಿಗಳಿಗೆ ಹೋಗುವುದೆಂದು ನಿಗದಿಯಾಯಿತು. ನರ್ಸು ಸುವರ್ಣಮ್ಮ, ಡ್ರೈವರು ಬೀರಪ್ಪ, ಒಂದು ಮಂಚ, ಒಂದು ಔಷಧಿ ಬೀರು. ಜನ ಅದಕ್ಕೆ ಬಸುರಿ ಬಂಡಿ ಎಂದು ಹೆಸರಿಟ್ಟರು.

ಗಾಡಿಯ ಬಾಗಿಲು ನೆಲಕ್ಕೆ ಹತ್ತಿರ, ಒಳಗೆ ಕಾಲಿಡುವುದು ಕಷ್ಟವಿಲ್ಲ. ಆದರೆ ಒಳಗೆ ಅರ್ಧ ತಗ್ಗು, ಅರ್ಧ ಎತ್ತರ. ಎತ್ತರದ ಭಾಗದ ಕೆಳಗೆ ಮಿಲಿಟರಿ ಕಾಲದ ನೀರಿನ ಟ್ಯಾಂಕು, ಅದನ್ನು ಕೀಳುವ ಹಾಗಿಲ್ಲ. ಮಂಚ ಇರುವುದು ಆ ಎತ್ತರದ ಮೇಲೆ. ತಗ್ಗಿನಿಂದ ಅಲ್ಲಿಗೆ ಇಪ್ಪತ್ತೆಂಟು ಇಂಚು. ಖಾಜಾ ಪೀರ್ ನಡುವೆ ಒಂದು ಮೆಟ್ಟಿಲು ಕೂಡಿಸಿದ್ದರು. ಹದಿನಾಲ್ಕು ಇಂಚು ಹತ್ತಿ ಮೆಟ್ಟಿಲು, ಇನ್ನು ಹದಿನಾಲ್ಕು ಹತ್ತಿದರೆ ಮಂಚ. ಅಚ್ಚುಕಟ್ಟಾಗಿ ಬಾಗಿಲಿಗೆ ನೇರವಾಗಿ, ಬಸ್ಸಿನಲ್ಲಿ ಇರುವ ಹಾಗೆಯೇ.

ಬಂಡಿ ಹೋಯಿತು. ಜನವೂ ಬಂದರು. ಬಸುರಿಯರು ಮಾತ್ರ ಬಾಗಿಲತನಕ ಬಂದು, ಒಳಗೆ ಇಣುಕಿ, ಇನ್ನೊಂದು ದಿನ ಬರ್ತೀವಿ ಎಂದು ತಿರುಗಿ ಹೋದರು. ಮೂರು ತಿಂಗಳಲ್ಲಿ ಮೇಲೆ ಹತ್ತಿದವರು ಒಟ್ಟು ನಾಲ್ವರು. ಹಳ್ಳಿ ಹೆಂಗಸರಿಗೆ ತಿಳಿವಳಿಕೆ ಸಾಲದು, ಸೂಜಿಗೆ ಹೆದರುತ್ತಾರೆ ಎಂದು ಸಮಿತಿ ತೀರ್ಮಾನಿಸಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಬರುವ ಸೋಮವಾರವೂ ಹೀಗೇ ಆದರೆ ಬಂಡಿಯನ್ನು ಬೇರೆ ಜಿಲ್ಲೆಯವರಿಗೆ ಕೊಟ್ಟುಬಿಡೋಣ, ಬೇಡದವರ ಮನೆಗೆ ಯಾಕೆ ಎಳೆದಾಡಬೇಕು ಎಂದರು ಮೂರ್ತಪ್ಪನವರು. ಕೆಟ್ಟ ಮನುಷ್ಯರಲ್ಲ, ಬೇಸತ್ತಿದ್ದರು ಅಷ್ಟೆ.

ಸುವರ್ಣಮ್ಮನಿಗೆ ಮಾತ್ರ ನಿದ್ದೆಯಿಲ್ಲ. ಗಾಜನೂರಿನ ಆಚೆಯ ಒಂದು ಹಳ್ಳಿಯಲ್ಲಿ ಪುಟ್ಟಲಕ್ಷ್ಮಿ ಎಂಬ ಸೊಸೆ ಇದ್ದಾಳೆ, ಎರಡು ಕೂಸು ಕಳೆದುಕೊಂಡವಳು, ಇದು ಮೂರನೆಯದು. ಪಾದ ಊದಿಕೊಂಡು ಚಪ್ಪಲಿ ಹಿಡಿಸುವುದಿಲ್ಲ. ಮಂಚದ ಮೇಲೆ ಮಲಗಿಸಿ ನೋಡದೆ ಏನೂ ಹೇಳುವ ಹಾಗಿಲ್ಲ. ಕಳೆದ ಮೂರು ಸೋಮವಾರವೂ ಅವಳು ಬಾಗಿಲಿಗೆ ಬಂದು ಹಿಂದಿರುಗಿದ್ದಾಳೆ. ಮನೆಗೇ ಹೋಗಿ ನೋಡೋಣವೆಂದರೆ ಅತ್ತೆ ಒಪ್ಪುವುದಿಲ್ಲ, ನರ್ಸು ಮನೆ ಹೊಕ್ಕರೆ ಅಪಶಕುನವಂತೆ. ಸುವರ್ಣಮ್ಮ ಶುಕ್ರವಾರ ಶೆಡ್ಡಿಗೇ ಬಂದು ಖಾಜಾ ಪೀರರ ಮುಂದೆ ಇದನ್ನೆಲ್ಲ ಹೇಳಿಕೊಂಡರು. ನಿಮ್ಮ ಮೆಟ್ಟಿಲಲ್ಲೇ ಏನೋ ಇದೆ ಸಾಬ್ರೇ, ಏನು ಅಂತ ನನಗೂ ಗೊತ್ತಾಗ್ತಿಲ್ಲ ಎಂದರು. ಉದ್ದ ಕಾಲಿನ ಸುವರ್ಣಮ್ಮ ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುವವರು, ಅವರಿಗೆ ಅದು ಮೆಟ್ಟಿಲೆಂದೇ ಅನ್ನಿಸಿರಲಿಲ್ಲ.

ಖಾಜಾ ಪೀರರಿಗೆ ಮೊದಲು ಸಿಟ್ಟೇ ಬಂತು. ಅಳತೆಯ ಮಾತಿನಲ್ಲಿ ಅವರನ್ನು ಪ್ರಶ್ನಿಸುವವರು ಕಡಿಮೆ. ಹುಟ್ಟಿ ಬೆಳೆದದ್ದು ಭದ್ರಾವತಿಯ ಜನ್ನಾಪುರದಲ್ಲಿ. ಹದಿನಾಲ್ಕನೇ ವಯಸ್ಸಿಗೆ ತಂದೆ ಹೋದಮೇಲೆ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ ಮಾಡುವ ಕಡೆ ಸೇರಿಕೊಂಡರು. ಅಲ್ಲಿನ ತಮಿಳು ಮೇಸ್ತ್ರಿ ಕೂದಲೆಳೆ ತಪ್ಪಿದರೂ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ. ಆಮೇಲೆ ಶಿವಮೊಗ್ಗಕ್ಕೆ ಬಂದು ಬಸ್ಸಿನ ಮೈ ಕಟ್ಟುವುದನ್ನು ಕಲಿಸಿದ ಉಸ್ತಾದರು ಸಾಯುವ ಮುಂಚೆ ಒಂದು ಕೋಲು ಕೊಟ್ಟರು. ಕೋಲಿನಲ್ಲಿ ಹದಿನಾಲ್ಕು ಇಂಚಿಗೊಂದು ಕಚ್ಚು. ಈ ಕಸುಬಿನಲ್ಲಿ ಮೆಟ್ಟಿಲನ್ನು ಯಾರೂ ಅಳೆಯುವುದಿಲ್ಲ, ಕೋಲು ಹಿಡಿಯುತ್ತಾರೆ. ಆ ಕಚ್ಚು ಯಾರ ಕಾಲಿಗೆ ಹಾಕಿದ್ದು ಎಂದು ಉಸ್ತಾದರೂ ಹೇಳಲಿಲ್ಲ, ಶಿಷ್ಯರೂ ಕೇಳಲಿಲ್ಲ.

ಜಾರುತ್ತದೇನೋ ಎಂದುಕೊಂಡು ಅವರು ಮೆಟ್ಟಿಲಿಗೆ ತೆಂಗಿನ ನಾರಿನ ಚಾಪೆ ಹೊಡೆದರು. ಮಧ್ಯಾಹ್ನ ಹೆಂಡತಿ ಹಾಜರಾ ಬುತ್ತಿ ತಂದಾಗ, ಒಂದು ಸಲ ಹತ್ತಿ ನೋಡು ಎಂದರು. ಹಾಜರಾ ಒಳಗೆ ಬಂದರು, ಮೆಟ್ಟಿಲು ನೋಡಿದರು. ಆಮೇಲೆ ಮೆಟ್ಟಿಲು ಬಿಟ್ಟು ಹಿಂದೆ ತಿರುಗಿ ಬಾಗಿಲಿನ ಆಚೆ ನೋಡಿದರು. ಅಲ್ಲಿ ಬೀರಪ್ಪ ಮತ್ತು ಇಬ್ಬರು ಪೇಂಟರುಗಳು ಬೀಡಿ ಸೇದುತ್ತ ಕೂತಿದ್ದರು.

"ಮೊದಲು ಅವರನ್ನ ಆಚೆ ಕಳಿಸಿ," ಎಂದರು ಹಾಜರಾ.

ಖಾಜಾ ಪೀರ್ ಹೇಳುವಂತೆ, ಆ ಗಳಿಗೆಯಲ್ಲಿ ಅವರಿಗೆ ಎಲ್ಲ ಹೊಳೆಯಿತು. ಹದಿನಾಲ್ಕು ಇಂಚು ಕಾಲೆತ್ತಬೇಕಾದರೆ ಸೀರೆ ಮೊಣಕಾಲಿನವರೆಗೆ ಎತ್ತಬೇಕು. ಬಾಗಿಲಿಗೆ ನೇರ ಮೆಟ್ಟಿಲು, ಹಳ್ಳಿಯಲ್ಲಿ ಬಂಡಿ ನಿಂತರೆ ಎದುರಿಗೆ ಅರಳಿಕಟ್ಟೆ, ಕಟ್ಟೆಯ ತುಂಬ ಗಂಡಸರು. ಗದ್ದೆಯಲ್ಲಿ ಸೀರೆ ಎತ್ತಿಕಟ್ಟಿ ನಾಟಿ ಹಾಕುವವರಿಗೆ ಇದೆಂಥ ನಾಚಿಕೆ ಎಂದು ಕೇಳಬಹುದು. ಗದ್ದೆಯಲ್ಲಿ ಎಲ್ಲರ ಕಣ್ಣೂ ಸಸಿಯ ಮೇಲೆ. ಇಲ್ಲಿ ಹತ್ತು ಜನ ಬೇರೆ ಕೆಲಸವಿಲ್ಲದೆ ಬಾಗಿಲನ್ನೇ ನೋಡುತ್ತ ಕೂತಿರುತ್ತಾರೆ. ಪರದೆ ಕಟ್ಟಿದರೆ ಗಾಳಿಗೆ ಹಾರುತ್ತದೆ. ಬಾಗಿಲು ಹಾಕಿದರೆ ಒಳಗೆ ಕತ್ತಲು, ಊರಿಗೆ ಅನುಮಾನ.

ಹಾಜರಾ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮನೆಯಲ್ಲಿ ಇವರಾಡುವುದು ದಖನಿ ಉರ್ದು, ಸಿಟ್ಟು ಬಂದಾಗ ಕನ್ನಡ. ಆ ದಿನ ಕನ್ನಡದಲ್ಲೇ ಹೇಳಿದರಂತೆ: "ಇಷ್ಟು ಬಸ್ ಮಾಡಿದೀರಿ. ಜನ್ನಾಪುರಕ್ಕೆ ಹೋಗೋವಾಗ ನಾನು ಎಲ್ಲ ಗಂಡಸರೂ ಹತ್ತಿದ ಮೇಲೇ ಹತ್ತೋದು. ಸೀಟು ಸಿಗಲ್ಲ, ನಿಂತ್ಕೊಂಡೇ ಹೋಗ್ತೀನಿ. ಯಾಕೆ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಅದನ್ನು ಹೇಳುವಾಗ ಖಾಜಾ ಪೀರರ ದನಿ ಇಳಿಯುತ್ತದೆ, ಅವಮಾನ ಅವರಿಗೆ ಇನ್ನೂ ಹಸಿಯಾಗಿಯೇ ಇದೆ.

ಆ ಸಂಜೆ ಅವರ ಮನೆಯ ಹಿತ್ತಲಲ್ಲಿ ನಡೆದದ್ದನ್ನು ಓಣಿಯವರು ಇವತ್ತಿಗೂ ನಗುತ್ತ ಹೇಳುತ್ತಾರೆ. ಶೆಡ್ಡಿನಿಂದ ಒಂದೊಂದು ಇಂಚು ದಪ್ಪದ ಹಲಗೆ ತುಂಡುಗಳನ್ನು ಚೀಲದಲ್ಲಿ ತಂದರು. ಹಾಜರಾ ಓಣಿಯ ಹೆಂಗಸರನ್ನೆಲ್ಲ ಕರೆದರು. ಮುದುಕಿಯರು, ಬಾಣಂತಿಯರು, ಎಂಟು ತಿಂಗಳ ಬಸುರಿಯೊಬ್ಬಳು, ಎದುರು ಮನೆಯ ವೀರಮ್ಮನೂ ಬಂದರು. ಗಂಡಸರೆಲ್ಲ ಹೊರಗೆ. ಹಲಗೆಯ ಮೇಲೆ ಹಲಗೆ ಪೇರಿಸಿ ಒಬ್ಬೊಬ್ಬರನ್ನೇ ಹತ್ತಿಸುವುದು, ಹಾಜರಾ ಒಳಗಿಂದ ಎಣಿಕೆ ಕೂಗುವುದು, ಖಾಜಾ ಪೀರ್ ಬೀದಿಯ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಏಳು ಹಲಗೆಯವರೆಗೆ ಯಾರೂ ಸೀರೆ ಮುಟ್ಟಲಿಲ್ಲ. ಎಂಟಕ್ಕೆ ನೆರಿಗೆ ಹಿಡಿದರು. ಒಂಬತ್ತಕ್ಕೆ ಗೋಡೆ ಹಿಡಿದರು.

ಏಳಿಂಚಿನಂತೆ ಹತ್ತಬೇಕಾದರೆ ಇಪ್ಪತ್ತೆಂಟು ಇಂಚಿಗೆ ನಡುವೆ ಮೂರು ಮೆಟ್ಟಿಲು ಬೇಕು. ಮೂರು ಮೆಟ್ಟಿಲು ಚಾಚಿಕೊಂಡರೆ ಬಾಗಿಲೇ ಮುಚ್ಚುತ್ತದೆ, ಔಷಧಿ ಬೀರು ಬೇರೆ ಅಡ್ಡ. ಶನಿವಾರ ಬೆಳಗಿನಿಂದ ಈ ಲಾಟೀನಿನ ಬೆಳಕಿನಲ್ಲಿ ನಡೆಯುತ್ತಿರುವುದು ಅದರ ಪರಿಹಾರ. ಮೆಟ್ಟಿಲನ್ನು ಬಾಗಿಲಿನ ನೇರದಿಂದ ಕಿತ್ತು ಬಲಗಡೆಯ ಗೋಡೆಗುಂಟ ತಿರುಗಿಸುತ್ತಿದ್ದಾರೆ. ಬಾಗಿಲಿಗೂ ಮೆಟ್ಟಿಲಿಗೂ ನಡುವೆ ಆಳೆತ್ತರಕ್ಕೆ ಒಂದು ಹಲಗೆ ಗೋಡೆ, ಬೆಳಕು ಅದರ ಮೇಲಿಂದ ಬರಲಿ. ಬೀರು ತೆಗೆದು, ಮೆಟ್ಟಿಲುಗಳನ್ನೇ ಪೊಳ್ಳು ಪೆಟ್ಟಿಗೆಯಾಗಿ ಮಾಡಿ, ಎಳೆದರೆ ಬರುವ ಡ್ರಾಯರು ಕೂಡಿಸುತ್ತಿದ್ದಾರೆ. ಕೆಳಗಿನದರಲ್ಲಿ ಹತ್ತಿ, ಬಟ್ಟೆ. ನಡುವಿನದರಲ್ಲಿ ಔಷಧಿ. ಮೇಲಿನದು ಏನಕ್ಕೆ ಎಂದು ಕೇಳಿದರೆ, ಅದು ನರ್ಸಮ್ಮನ ಊಟದ ಡಬ್ಬಿಗೆ ಎಂದು ನಗುತ್ತಾರೆ. ದಿನಕ್ಕೆ ಹತ್ತು ತಾಸು ಕೆಲಸ ಮಾಡುವ ಮನುಷ್ಯ ಆ ಎರಡು ದಿನ ಹದಿನಾರು ತಾಸು ಉಜ್ಜುಗೊರಡು ಹಿಡಿದಿದ್ದಾರೆ. ಉಸ್ತಾದರ ಕೋಲು ಮೂಲೆಯಲ್ಲಿ ಒರಗಿದೆ, ಅದನ್ನು ಮುಟ್ಟಿಲ್ಲ.

ಸೋಮವಾರ ಜೀಪಿನಲ್ಲಿ ಅವರೂ ಹೋಗುತ್ತಾರೆ. ದಾರಿಯ ಕುಲುಕಾಟಕ್ಕೆ ಹೊಸ ಮರ ಸಡಿಲಾದರೆ ಬಿಗಿ ಮಾಡಬೇಕಲ್ಲ ಎನ್ನುವುದು ನೆಪ. ಹಳ್ಳಿ ತಲುಪಿದ ಮೇಲೆ ಬಂಡಿಯ ಹತ್ತಿರ ನಿಲ್ಲದೆ ನೇರವಾಗಿ ಅರಳಿಕಟ್ಟೆಗೆ ಹೋಗಿ ಗಂಡಸರ ನಡುವೆ ಕೂರುತ್ತಾರೆ. ಇವರಿಗೆ ಏನು ಕಾಣುತ್ತದೋ ಅದನ್ನೇ ತಾವೂ ನೋಡಬೇಕು. ಕಾಣುವುದು ಬಾಗಿಲು, ಅದರಾಚೆ ಹಲಗೆ, ಅಷ್ಟೇ. ಮೊದಲು ಒಬ್ಬ ಅಜ್ಜಿ ಒಳಗೆ ಹೋಗಿ ಮಾಯವಾಗುತ್ತಾಳೆ, ಹಿಂದೆಯೇ ಇಬ್ಬರು. ಪಕ್ಕದಲ್ಲಿ ಕೂತ ಹಿರಿಯಣ್ಣ ಎಂಬ ಮುದುಕ, ಇದೇನು ಮಾರಾಯ ಈ ಸಲ ಏನೂ ಕಾಣಲ್ವಲ್ಲ ಎಂದು ಗೊಣಗುತ್ತಾನೆ. ಹದಿನಾರು ವರ್ಷದಲ್ಲಿ ತಮ್ಮ ಕೆಲಸಕ್ಕೆ ಇಷ್ಟು ಒಳ್ಳೆಯ ಸರ್ಟಿಫಿಕೇಟು ಸಿಕ್ಕಿರಲಿಲ್ಲ ಎನ್ನುತ್ತಾರೆ ಖಾಜಾ ಪೀರ್.

ಹನ್ನೊಂದು ಗಂಟೆಯ ಹೊತ್ತಿಗೆ ಅತ್ತೆಯ ಹಿಂದೆ ಪುಟ್ಟಲಕ್ಷ್ಮಿ ಬರುತ್ತಾಳೆ. ಬಾಗಿಲಲ್ಲಿ ಎಂದಿನಂತೆ ನಿಲ್ಲುತ್ತಾಳೆ. ಕಟ್ಟೆಯ ಕಡೆ ಒಮ್ಮೆ ನೋಡುತ್ತಾಳೆ. ಖಾಜಾ ಪೀರ್ ತಲೆ ತಗ್ಗಿಸಿ ಕಾಲ ಬಳಿಯ ಮಣ್ಣು ನೋಡುತ್ತಾರೆ. ತಲೆ ಎತ್ತುವಾಗ ಬಾಗಿಲು ಖಾಲಿ.

ಕಾಲು ತಾಸಿನ ಮೇಲೆ ಸುವರ್ಣಮ್ಮ ಹೊರಗೆ ಬಂದವರೇ ಬೀರಪ್ಪನನ್ನು ಕರೆದು ಟ್ರೈಲರು ಬಿಚ್ಚಲು ಹೇಳುತ್ತಾರೆ. ರಕ್ತದ ಒತ್ತಡ ಏರಿದೆ, ಇವತ್ತೇ, ಈಗಲೇ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಅತ್ತೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸುವರ್ಣಮ್ಮ ಸೊಸೆಯ ಜೊತೆ ಜೀಪಿನಲ್ಲಿ ಕೂತಾಗಿದೆ. ಬಂಡಿ ಕಾಯಲು ಉಳಿದವರು ಖಾಜಾ ಪೀರ್ ಒಬ್ಬರೇ. ಸಂಜೆ ಸುವರ್ಣಮ್ಮ ಮರಳಿ ಬಂದಾಗ ಬಾಗಿಲ ಹತ್ತಿರ ಎಂಟು ಜನ ಬಸುರಿಯರು ಸಾಲಾಗಿ ಕೂತು ಕಾಯುತ್ತಿದ್ದರು. ಆ ಲೆಕ್ಕ ಕೇಳಿದ ಮೂರ್ತಪ್ಪನವರು ಬೇರೆ ಜಿಲ್ಲೆಯ ಮಾತು ಮತ್ತೆ ಎತ್ತಲಿಲ್ಲ.

ಹತ್ತು ದಿನದ ಮೇಲೆ ಒಂದು ಬೆಳಗ್ಗೆ ಸುವರ್ಣಮ್ಮ ಶೆಡ್ಡಿಗೆ ಬರುತ್ತಾರೆ. ಖಾಜಾ ಪೀರ್ ನಲವತ್ತೆರಡನೇ ಬಸ್ಸಿನ ಸೂರು ಹೊಡೆಯುತ್ತಿದ್ದಾರೆ. ಪುಟ್ಟಲಕ್ಷ್ಮಿಗೆ ಹೆಣ್ಣು ಮಗು, ಸ್ವಲ್ಪ ಸಣ್ಣದು, ಆದರೆ ಜೋರಾಗಿ ಅಳುತ್ತದೆ, ತಾಯಿಯೂ ಚೆನ್ನಾಗಿದ್ದಾಳೆ. ಇನ್ನೊಂದು ವಾರ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಖಾಜಾ ಪೀರ್ ಏಣಿಯ ಮೇಲೇ ನಿಂತು ಕಣ್ಣು ಒರೆಸಿಕೊಳ್ಳುತ್ತಾರೆ. ಆಮೇಲೆ ಕೆಳಗಿಳಿದು ಬಂದು ಕೇಳುವುದು ಒಂದೇ ಮಾತು.

"ಅಕ್ಕಾವ್ರೇ, ಆ ದಿನ ಇಳಿಯೋವಾಗ ಆ ಹುಡುಗಿ ಏನಾದ್ರೂ ಹಿಡ್ಕೊಂಡ್ಲಾ? ಗೋಡೆ, ಹಲಗೆ, ಏನಾದ್ರೂ?"

ಸುವರ್ಣಮ್ಮ ನೆನಪು ಮಾಡಿಕೊಳ್ಳುತ್ತಾರೆ. "ಇಲ್ಲ ಸಾಬ್ರೇ. ಎರಡೂ ಕೈಯಲ್ಲಿ ಹೊಟ್ಟೆ ಹಿಡ್ಕೊಂಡಿದ್ಲು. ನನ್ನ ಮುಖ ನೋಡ್ತಾ ಹಾಗೇ ಇಳಿದುಬಂದ್ಲು."

"ಹಾಗಾದ್ರೆ ಅಲ್ಲಿ ಮೆಟ್ಟಿಲು ಇತ್ತು ಅನ್ನೋದೇ ಅವಳಿಗೆ ನೆನಪಿರಲ್ಲ," ಎನ್ನುತ್ತಾರೆ ಖಾಜಾ ಪೀರ್, ತುಂಬ ಸಂತೋಷದಿಂದ.