ಲೇಯಾಳ ತಾತ ಕೊನೆಗೆ ಮಾತಾಡುತ್ತಿದ್ದರು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಹಿತ್ತಲಲ್ಲಿ ಮೀನು ಒಣಹಾಕಿದ್ದಾರೆ. ಹುಳಿ-ಅನ್ನದ ಪ್ರಾಣಿಯಾದ ನಾನು ಮೂಗು ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಆ ವಾಸನೆಗೆ ಲೇಯಾ ನೆನಪಾದಳು.

ಆಸ್ಟ್ರೇಲಿಯಾದ ಪರ್ತ್ ನಗರದ ವೆಲ್ಷ್‌ಪೂಲಿನಲ್ಲಿ ಒಂದು ಕೋಲ್ಡ್ ಸ್ಟೋರೇಜು. ಅಲ್ಲಿ ನಾನು ಸೂಪರ್‌ವೈಸರ್, ಅವಳು ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುವವಳು. ಕೆನಡಾದ ತುತ್ತತುದಿಯ ಹಿಮನಾಡಿನ ಇನ್ಯೂಯಿಟ್ ಜನಾಂಗದ ಹೆಂಗಸು, ಮದುವೆಯಾಗಿ ಇಲ್ಲಿಗೆ ಬಂದಿದ್ದಳು. ನಾನು ಮೂರು ಸ್ವೆಟರ್ ತೊಟ್ಟು, ಗಡಗಡ ನಡುಗುತ್ತಾ ಎಲ್ಲರ ಮೇಲೂ ಕೂಗಾಡುತ್ತಿದ್ದರೆ ಅವಳು ಜಾಕೆಟ್ಟಿನ ಜಿಪ್ಪು ಬಿಚ್ಚಿಕೊಂಡು ಆರಾಮಾಗಿ ಓಡಾಡುವಳು. ಟೀ ಹೊತ್ತಿಗೆ ಒಣಮೀನು ಅಗಿಯುವಳು.

ಆಗ ನಾನು ನಮ್ಮ ಕನ್ನಡ ಬಳಗದ ಅಧ್ಯಕ್ಷನೂ ಆಗಿದ್ದೆ. ಇದ್ದದ್ದು ಮೂವತ್ತು ಸಂಸಾರ, ಒಂದು ವಾಟ್ಸಾಪ್ ಗ್ರೂಪು. ಆದರೆ ಗತ್ತೋ ಗತ್ತು!

ಆ ಬೇಸಿಗೆ ಬೀಚಿನಲ್ಲಿ ಬಾರ್ಬೆಕ್ಯೂ ಊಟ ಇಟ್ಟುಕೊಂಡಿದ್ದೆವು. ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ್ದ ಡಿಸೋಜಾ ಅಂಕಲ್ ಫೋನ್ ಬಂತೆಂದು ಎದ್ದು ಹೋದರು. ಅಷ್ಟರಲ್ಲಿ ಐದು ವರ್ಷದ ಒಂದು ಹುಡುಗಿ ಕಾಣೆ. ಅರ್ಧ ಗಂಟೆ ನಮ್ಮ ಜೀವ ಬಾಯಿಗೆ ಬಂದಿತ್ತು. ಸದ್ಯ, ಐಸ್‌ಕ್ರೀಮ್ ಗಾಡಿಯ ಹಿಂದೆ ಸಿಕ್ಕಳು. ಸಂಜೆಯೇ ನಾನು ಅಂಕಲ್‌ರನ್ನು ಗ್ರೂಪಿನಿಂದ, ಬಳಗದಿಂದ ತೆಗೆದುಹಾಕಿದೆ. ಯಾರನ್ನೂ ಕೇಳಲಿಲ್ಲ. ಅವರನ್ನಂತೂ ಕೇಳಲೇ ಇಲ್ಲ.

ಮರುದಿನ ಲೇಯಾಳ ಮುಂದೆ ಕೊಚ್ಚಿಕೊಂಡೆ. ಅವಳು ಒಣಮೀನಿನ ತುಂಡು ಕೆಳಗಿಟ್ಟು ಕೇಳಿದಳು, "ಅವ್ರು ಏನಂದ್ರು?"

"ಅನ್ನೋದೇನಿದೆ?" ಅಂದೆ.

ಆಗ ತನ್ನ ತಾತನ ವಿಷಯ ತೆಗೆದಳು. ಅವರು ತಮ್ಮ ಬಿಡಾರಕ್ಕೆ ಇಸುಮತಾಖ್ ಅಂತೆ, ಆಲೋಚಿಸುವವನು ಎಂದರ್ಥ. ಯಾರೂ ಆರಿಸಿದ್ದಲ್ಲ, ಅವರು ಅಪ್ಪಣೆ ಕೊಡುತ್ತಲೂ ಇರಲಿಲ್ಲ. ಅವರ ವಿವೇಚನೆ ನಂಬಿ ಜನ ಹಿಂದೆ ಬರುತ್ತಿದ್ದರು. ನಂಬಿಕೆ ಹೋದರೆ ಬೇರೊಬ್ಬರ ಹಿಂದೆ ಹೋಗಲು ಅಡ್ಡಿಯಿಲ್ಲ. ಒಮ್ಮೆ ಒಬ್ಬನ ಅಜಾಗ್ರತೆಯಿಂದ ಬೇಟೆಯ ದೋಣಿ ತೇಲಿಹೋಯಿತು. ತಾತ ಅವನನ್ನು ಕೂರಿಸಿ ಚಹಾ ಕೊಟ್ಟರು. ಅವನು ನಡೆದದ್ದು ಹೇಳಿದ, ಮಿಕ್ಕವರೆಲ್ಲ ತಮಗನಿಸಿದ್ದು ಹೇಳಿದರು. ತಾತ ಎಲ್ಲರಿಗಿಂತ ಕೊನೆಗೆ ಮಾತಾಡಿದರು.

"ಆ ಚಳೀಲಿ ಒಬ್ಬನ್ನ ಹೊರಗೆ ಹಾಕಿದ್ರೆ ಅವ್ನು ಎಲ್ಲಿಗೆ ಹೋಗ್ತಾನೆ?" ಅಂದಳು.

"ಇಲ್ಲೇನು ಚಳಿ? ಹೊರಗೆ ನಲವತ್ತು ಡಿಗ್ರಿ ಬಿಸಿಲು," ಎಂದು ನಕ್ಕೆ. ಅವಳು ನಗಲಿಲ್ಲ.

ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಅಂಕಲ್‌ಗೆ ಕನ್ನಡದಲ್ಲಿ ನಾಲ್ಕು ಮಾತಾಡಲು ಬಳಗದ ಭಾನುವಾರದ ಕೂಟಗಳನ್ನು ಬಿಟ್ಟು ಬೇರೇನಿತ್ತು, ನೀವೇ ಹೇಳಿ. ಎರಡು ತಿಂಗಳಲ್ಲಿ ಅವರು ಅಡಿಲೇಡಿನ ಮಗಳ ಮನೆಗೆ ಹೊರಟುಹೋದರು. ನಾನು ಬೀಳ್ಕೊಡಲೂ ಹೋಗಲಿಲ್ಲ. ನಾಲ್ಕು ವರ್ಷವಾಯಿತು.

ಇವತ್ತು ಹಿತ್ತಲ ಬಾಗಿಲಲ್ಲಿ ನಿಂತೇ ಅವರಿಗೆ ಫೋನ್ ಮಾಡಿದೆ.

"ಅಂಕಲ್, ಅವತ್ತು ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ತಪ್ಪಾಯ್ತು."

ಅವರು ನಿಧಾನವಾಗಿ ಅಂದರು, "ತಪ್ಪು ನಂದೇ ಕಣಪ್ಪ. ಎಲ್ರೂ ಕ್ಷಮಿಸಿ ಅಂತ ಉದ್ದಕ್ಕೆ ಬರೆದಿದ್ದೆ. ಕಳಿಸೋಕೆ ಹೋದ್ರೆ ಗ್ರೂಪಲ್ಲಿ ನಾನೇ ಇರ್ಲಿಲ್ಲ. ಇನ್ನೂ ಇದೆ ಫೋನಲ್ಲಿ."

ಸಮಾಧಾನ ಹೇಳಲು ತೆರೆದ ಬಾಯನ್ನು ಮುಚ್ಚಿಕೊಂಡೆ.

"ಓದಿ ಅಂಕಲ್," ಅಂದೆ.

ಕನ್ನಡಕ ಹುಡುಕಲು ಅವರು ಎದ್ದ ಸದ್ದು ಕೇಳಿಸಿತು. ನಾನು ಕಾದೆ.