ಕಾಳವ್ವ ಕಾಲಿಡದ ಮ್ಯೂಸಿಯಂ

ಕಾಗವಾಡದ ದ್ರಾಕ್ಷಿ ಬೆಳೆಗಾರ ರಾವಸಾಹೇಬರು ಮ್ಯೂಸಿಯಂ ಮಾಡಿದ್ದಾರೆ ಎಂದರೆ ಊರವರು ಈಗಲೂ ನಗುತ್ತಾರೆ. ನಾನೂ ನಕ್ಕವನೇ. ಒಣದ್ರಾಕ್ಷಿ ಇಡುತ್ತಿದ್ದ ಗೋದಾಮಿಗೆ ಸುಣ್ಣ ಬಳಿದು, ಅವರ ಅಜ್ಜ ಮಿರಜಿನಲ್ಲಿ ಯಾರೋ ಇಂಗ್ಲಿಷ್ ದೊರೆ ಊರು ಬಿಡುವಾಗ ಹರಾಜಿನಲ್ಲಿ ಕೊಂಡಿದ್ದ ಯುರೋಪಿನ ಚಿತ್ರಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಇನ್ನು ಅವರಿಗೆ ಬೇಕಾದದ್ದು ಒಂದೇ: ಹೆಂಡತಿ ಕಾಳವ್ವ ಒಮ್ಮೆ ಒಳಗೆ ಬಂದು ನೋಡಬೇಕು. ಉದ್ಘಾಟನೆಗೆ ಮಂತ್ರಿಗಳು ಬಾರದಿದ್ದರೂ ಚಿಂತೆಯಿರಲಿಲ್ಲ.

ಚಿತ್ರಗಳನ್ನು ವಿಷಯವಾರು ಜೋಡಿಸಲು ಚಿಕ್ಕೋಡಿಯಿಂದ ಚಿತ್ರಕಲಾ ಶಿಕ್ಷಕಿ ಪೂನಮ ಬಂದಳು. ಮುಖಗಳು ಒಂದು ಗೋಡೆಗೆ, ಹೊಲ-ನದಿ ಇನ್ನೊಂದಕ್ಕೆ, ಊಟದ ಮೇಜುಗಳು ಮತ್ತೊಂದಕ್ಕೆ. ಕಾಳವ್ವ ಹೊಸ್ತಿಲವರೆಗೆ ಬಂದಳು. ದ್ರಾಕ್ಷಿ ಗೊನೆಯ ಚಿತ್ರದ ಪಕ್ಕದಲ್ಲೇ ಸತ್ತ ಮೊಲದ ಚಿತ್ರವಿತ್ತು, ಅದರಾಚೆ ಸತ್ತ ಕೌಜುಗ ಹಕ್ಕಿಗಳು. ಸೆರಗು ಬಾಯಿಗೆ ಹಿಡಿದು ತಿರುಗಿ ಹೋದಳು.

ಅವರದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ.

"ತಪ್ಪ ನಂದ ಐತಿ," ಎಂದರು ರಾವಸಾಹೇಬರು. "ಮದುವ್ಯಾಗರ ಕಾಯಿಪಲ್ಲೆ ಊಟದ್ದು, ಮಾಂಸದ ಊಟದ್ದು ಎರಡೂ ಪಂಕ್ತಿ ಒಂದ ಕಡೆ ಹಾಕ್ತಾರೇನು?"

ಹಣ್ಣು, ರೊಟ್ಟಿ, ಹೂಜಿ ಬಲಗೋಡೆಗೆ ಬಂದವು. ಮೊಲ, ಮೀನು, ಹಕ್ಕಿ ಎಡಗೋಡೆಗೆ ಹೋದವು.

"ಕಾಕಾ, ಜಗತ್ತಿನ್ಯಾಗ ಯಾವ ಮ್ಯೂಸಿಯಮ್ಮಿನಾಗೂ ಹಿಂಗ ಹಚ್ಚಂಗಿಲ್ಲರಿ," ಎಂದಳು ಪೂನಮ.

"ಅಲ್ಲೆ ಕಾಳವ್ವ ಇಲ್ಲಲಾ."

ಉಳಿದದ್ದು ಒಂದೇ ಚಿತ್ರ. ಒಂದೇ ಮೇಜಿನ ಮೇಲೆ ಅರ್ಧ ದ್ರಾಕ್ಷಿ, ಅರ್ಧ ಮೊಲ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಕೊನೆಗೆ ರಾವಸಾಹೇಬರು ಅದನ್ನು ಬಲಗೋಡೆಗೇ ತೂಗುಹಾಕಿ, ಹೆಗಲ ಮೇಲಿನ ಬಿಳಿ ಟಾವೆಲ್ಲನ್ನು ಮೊಲದ ಮೇಲೆ ಇಳಿಬಿಟ್ಟರು. ಪೂನಮ ಹಣೆ ಬಡಿದುಕೊಂಡಳು. ರಾವಸಾಹೇಬರು ಮಾತ್ರ ಹೆಂಡತಿಯನ್ನು ಮತ್ತೆ ಕರೆತರಲು ಹೋದರು.

ಈ ಸಲ ಕಾಳವ್ವ ಹೊಸ್ತಿಲು ದಾಟಿದಳು. ನೇರ ಆ ಟಾವೆಲ್ಲಿನ ಮುಂದೆ ನಿಂತಳು. ಮೆಲ್ಲಗೆ ಎತ್ತಿ ನೋಡಿ, ಮತ್ತೆ ಇಳಿಬಿಟ್ಟು, ಅಂಚು ಸರಿಮಾಡಿದಳು.

"ಈಗರ ಬಟ್ಟಿ ಹಾಕೀರಿ," ಎಂದಳು. "ಸತ್ತ ಜೀವಾನ ಹಂಗ ಬರೇ ಮೈಲೆ ಮಂದಿಗಿ ತೋರಸ್ತಾರೇನ್ರಿ? ಅದಕ್ಕ ನನಗ ಒಳಗ ಬರಾಕ ಮನಸ ಆಗಿರಲಿಲ್ಲ."

ರಾವಸಾಹೇಬರು ಮಡಿ-ಮೈಲಿಗೆ ಎಂದುಕೊಂಡು ಗೋಡೆಗಳನ್ನೇ ತಿರುವಿಹಾಕಿದ ಮನುಷ್ಯ. ಹೆಂಡತಿಯನ್ನು ತಡೆದದ್ದು ಕನಿಕರ ಎಂದು ತಿಳಿದು ಅವರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಕಾಳವ್ವ ಎಡಗೋಡೆಯನ್ನು ಒಂದೊಂದಾಗಿ ನೋಡುತ್ತ ಹೋದಳು. ಮೀನಿನ ಮುಂದೆ ಸ್ವಲ್ಪ ಹೊತ್ತು ನಿಂತಳು.

"ಟ್ರಂಕಿನ್ಯಾಗ ನನ್ನ ಹಳೇ ಸೀರಿ ಅದಾವು, ತರ್ತೀನಿ," ಎಂದಳು. "ನಾ ಬರೂತನಕ ಬಾಗಲಾ ಹಾಕಬ್ಯಾಡ್ರಿ."